ಗೇರ್ ಲಿವರ್ ಬದಲಿಸುವ ಮುಂಚೆ ಅದರ ಬುಷ್ ನೋಡಿ

ಮಾನ್ಯ ಸಂಪಾದಕರೇ,

ಬಳ್ಳಾರಿ, ತೋರಣಗಲ್ಲು, ಹೊಸಪೇಟೆ ಕಡೆಯ ರಸ್ತೆಗಳಲ್ಲಿ ಒಳ್ಳೆಯ ಟರ್ಬೊ ಎಂಜಿನ್ನಿನ ಮ್ಯಾನುಯಲ್ ಕಾರುಗಳು ಈಗ ಕಣ್ಣಿಗೆ ಬೀಳುತ್ತವೆ. ವರ್ಟಸ್ 1.5 ಟಿಎಸ್‌ಐ, ಐ20 ಎನ್ ಲೈನ್, ಆಲ್ಟ್ರೋಜ್ ರೇಸರ್, ಹಳೆಯದರಲ್ಲಿ ಪೋಲೊ, ಅಬಾರ್ತ್ ಪುಂಟೊ. ಇವನ್ನು ಇಷ್ಟಪಟ್ಟು ಓಡಿಸುವ ಹುಡುಗರು ಟೈರು, ಬ್ರೇಕ್ ಪ್ಯಾಡ್ ಆದ ಮೇಲೆ ಕೈ ಹಾಕುವುದು ಗೇರ್ ಲಿವರಿಗೆ. ಲಿವರ್ ಉದ್ದುದ್ದ ಓಡುತ್ತದೆ, 2ನೇ ಗೇರ್ ತಡವರಿಸುತ್ತದೆ ಎಂದು ಆನ್‌ಲೈನಿನಲ್ಲಿ ‘ಶಾರ್ಟ್ ಶಿಫ್ಟರ್’, ಅಂದರೆ ಲಿವರಿನ ಓಟ ಗಿಡ್ಡ ಮಾಡುವ ಕಿಟ್, ತರಿಸುತ್ತಾರೆ. ಪೊಟ್ಟಣದ ಮೇಲೆ ಓಟ ಶೇ 30, ಶೇ 40, ಶೇ 50 ಕಡಿಮೆ ಎಂದು ದೊಡ್ಡದಾಗಿ ಬರೆದಿರುತ್ತದೆ. ಆ ಸಂಖ್ಯೆ ನೋಡಿಯೇ ಕೊಳ್ಳುವುದು ತಪ್ಪು ಎಂದು ಹೇಳಲು ಈ ಪತ್ರ. ನಿಮ್ಮ ವಾಹನ ಪುಟದಲ್ಲಿ ಹೊಸ ಕಾರುಗಳ ಪರಿಚಯ ಬರುತ್ತದೆ, ಕಾರು ಕೊಂಡ ಮೇಲೆ ಮಾಡುವ ಇಂಥ ಬದಲಾವಣೆಗಳ ಬಗ್ಗೆ ಬರುವುದಿಲ್ಲ.

ಮೊದಲು ಲೆಕ್ಕ. ಗೇರ್ ಲಿವರ್ ಒಂದು ಹಾರೆ ಇದ್ದ ಹಾಗೆ. ನಡುವೆ ಗುಂಡು ಬಾಲ್ ಮೇಲೆ ತಿರುಗುತ್ತದೆ, ಮೇಲಿನ ತುದಿಯ ಹಿಡಿ, ಅಂದರೆ ನಾಬ್, ಕೈಯಲ್ಲಿ, ಕೆಳಗಿನ ತುದಿ ಕೇಬಲ್ ಅಥವಾ ರಾಡ್ ಎಳೆಯುತ್ತದೆ. ಬಾಲ್‌ನಿಂದ ನಾಬ್‌ವರೆಗೆ 240 ಮಿ.ಮೀ., ಬಾಲ್‌ನಿಂದ ಕೆಳತುದಿಗೆ 60 ಮಿ.ಮೀ. ಇದೆ ಅನ್ನೋಣ. ಅನುಪಾತ ನಾಲ್ಕಕ್ಕೆ ಒಂದು. ಕೆಳಗೆ 30 ಮಿ.ಮೀ. ಚಲನೆ ಬೇಕಾದರೆ ಮೇಲೆ ಕೈ 120 ಮಿ.ಮೀ. ಓಡಬೇಕು. ಈಗ ಬಾಲ್ ಅನ್ನು 15 ಮಿ.ಮೀ. ಮೇಲಕ್ಕೆ ತಂದರೆ ಮೇಲಿನ ಭಾಗ 225, ಕೆಳಗಿನದು 75; ಅನುಪಾತ ಮೂರಕ್ಕೆ ಒಂದು, ಕೈಯ ಓಟ 90 ಮಿ.ಮೀ. ಶೇ 25 ಇಳಿಯಿತು. ಆದರೆ ಮುಂಚೆ ಕೈಗೆ 3 ಕೆ.ಜಿ. ಬಲ ಸಾಕಾಗಿದ್ದರೆ ಈಗ 4 ಕೆ.ಜಿ. ಬೇಕು. ಓಟ ಶೇ 40 ಇಳಿಸಿದರೆ ಅದೇ 3 ಕೆ.ಜಿ. 5 ಆಗುತ್ತದೆ, ಅರ್ಧಕ್ಕೆ ಇಳಿಸಿದರೆ 6. ಪೊಟ್ಟಣದ ಮೇಲೆ ಈ ಎರಡನೇ ಸಂಖ್ಯೆಯನ್ನು ಯಾರೂ ಬರೆಯುವುದಿಲ್ಲ. ರಾಯಲ್ ಸರ್ಕಲ್ ಸುತ್ತಮುತ್ತ ಸಂಜೆಯ ಟ್ರಾಫಿಕ್ಕಿನಲ್ಲಿ ಒಂದು–ಎರಡು, ಎರಡು–ಒಂದು ಎಂದು ಹಾಕುತ್ತಾ ಹೋದರೆ ಅದು ಮೊಣಕೈಗೆ ಗೊತ್ತಾಗುತ್ತದೆ.

ಇನ್ನೊಂದು ಸಂಗತಿಯೂ ಇದೆ. ಗೇರ್‌ಬಾಕ್ಸ್ ಒಳಗೆ ಸಿಂಕ್ರೊ ರಿಂಗ್ ಎಂಬ ಕೋನ್ ಆಕಾರದ ಬಳೆ ಗೇರಿಗೆ ಒತ್ತಿಕೊಂಡು, ಉಜ್ಜಿ, ಎರಡೂ ಕಡೆಯ ವೇಗ ಸಮ ಮಾಡಿದ ಮೇಲೆಯೇ, ಗೇರನ್ನು ಶಾಫ್ಟಿಗೆ ಕೂಡಿಸುವ ಸ್ಲೀವ್ ಒಳಗೆ ಬೀಳುತ್ತದೆ. ಅದಕ್ಕೆ ಬೇಕಾದ ಹೊತ್ತು ಬೇಕೇ ಬೇಕು. ಲಿವರ್ ಗಿಡ್ಡವಾದರೆ ಕೈಯ ಓಟ ಬೇಗ ಮುಗಿಯುತ್ತದೆ, ರಿಂಗಿನ ಕೆಲಸ ಬೇಗ ಮುಗಿಯುವುದಿಲ್ಲ. ಅದನ್ನು ಮೀರಿ ನೂಕಿದಾಗ ‘ಕರ್’ ಎನ್ನುವುದು ಸಾಮಾನ್ಯವಾಗಿ 2ನೇ ಗೇರಿನಲ್ಲಿ, ಏಕೆಂದರೆ ಒಂದಕ್ಕೂ ಎರಡಕ್ಕೂ ನಡುವಿನ ವೇಗದ ಅಂತರ ಎಲ್ಲಕ್ಕಿಂತ ದೊಡ್ಡದು. ರಿಂಗ್ ಆಗಲೇ ಸವೆದಿರುವ ಕಾರಿಗೆ ಶಾರ್ಟ್ ಶಿಫ್ಟರ್ ಹಾಕುವುದೆಂದರೆ ಅದರ ಉಳಿದ ಆಯಸ್ಸನ್ನೂ ಕರಗಿಸಿದಂತೆ.

ಹಾಗಾದರೆ ಲಿವರಿನ ಉದ್ದ ಓಟಕ್ಕೆ ಮದ್ದು ಏನು? ನಮ್ಮ ಖಚಿತ ಅಭಿಪ್ರಾಯ: ಮೊದಲು ಸಡಿಲ ಅಳೆಯಿರಿ. ಎಂಜಿನ್ ಆಫ್ ಮಾಡಿ, ನಾಬ್ ಪಕ್ಕ ಒಂದು ಸ್ಟೀಲ್ ಸ್ಕೇಲ್ ಹಿಡಿದು 3ನೇ ಗೇರಿನಿಂದ 4ಕ್ಕೆ ಎಷ್ಟು ಮಿ.ಮೀ. ಎಂದು ಬರೆದುಕೊಳ್ಳಿ. ಆಮೇಲೆ ಒಬ್ಬರು ಬಾನೆಟ್ ತೆಗೆದು ಗೇರ್‌ಬಾಕ್ಸ್ ಮೇಲೆ ಕೇಬಲ್ ಸೇರುವ ತೋಳನ್ನು ನೋಡುತ್ತಿರಲಿ, ಇನ್ನೊಬ್ಬರು ಒಳಗೆ ಕೂತು ನಾಬನ್ನು ನಿಧಾನ ನೂಕಲಿ. ತೋಳು ಅಲುಗಲು ಶುರುವಾಗುವ ಮುಂಚೆ ನಾಬ್ ಎಷ್ಟು ಓಡಿತೋ ಅಷ್ಟೂ ವ್ಯರ್ಥ ಓಟ. 110 ಮಿ.ಮೀ.ನಲ್ಲಿ 20 ಮಿ.ಮೀ. ಹೀಗೆ ಹೋಗುತ್ತಿದ್ದರೆ, ಆ ಸಡಿಲ ತೆಗೆದೊಡನೆ ಸುಮಾರು ಶೇ 18ರಷ್ಟು ಓಟ ಇಳಿಯುತ್ತದೆ, ಕೈಬಲ ಒಂದು ಗ್ರಾಂ ಕೂಡ ಹೆಚ್ಚುವುದಿಲ್ಲ. ಅನುಪಾತ ಬದಲಿಸಿ ಪಡೆದ ಇಳಿಕೆಗೆ ಬಲದ ಬೆಲೆ ತೆರಬೇಕು, ಸಡಿಲ ತೆಗೆದು ಪಡೆದದ್ದಕ್ಕೆ ತೆರಬೇಕಿಲ್ಲ. ಆಯ್ಕೆಯ ಗುಟ್ಟೆಲ್ಲ ಇಲ್ಲೇ ಇದೆ.

ಸಡಿಲ ಬರುವುದು ಮೂರು ಕಡೆ. ಕೇಬಲ್ ತುದಿಯ ಬುಷ್ (ಕೀಲಿನ ನಡುವೆ ಕೂರುವ ಬಳೆ), ಲಿವರ್ ಕೂರುವ ಬೇಸಿನ ಕೆಳಗಿನ ರಬ್ಬರ್ ವಾಷರ್‌ಗಳು, ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಹೊತ್ತ ರಬ್ಬರ್ ಮೌಂಟಿಂಗ್. ಮೂರನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಹಿಂದಕ್ಕೆ ವಾಲುತ್ತದೆ. ಕೆಳಗಿನ ಟಾರ್ಕ್ ಮೌಂಟಿಂಗ್ ರಬ್ಬರ್ ಹರಿದಿದ್ದರೆ ಆ ವಾಲು ಕೇಬಲನ್ನೂ ಎಳೆದಾಡುತ್ತದೆ, ಗೇರ್ ಎಲ್ಲಿದೆ ಎಂದು ಕೈ ಹುಡುಕಬೇಕಾಗುತ್ತದೆ. ಅಂಥ ಕಾರಿಗೆ ಎಷ್ಟು ದುಬಾರಿ ಶಿಫ್ಟರ್ ಹಾಕಿದರೂ ಅಷ್ಟೇ.

ಕ್ಲಚ್ಚನ್ನೂ ಪರೀಕ್ಷಿಸಿ. ಎಂಜಿನ್ ಐಡಲ್‌ನಲ್ಲಿ ಇರಲಿ, ಕ್ಲಚ್ ಪೂರ್ತಿ ಒತ್ತಿ ನಾಲ್ಕೈದು ಸೆಕೆಂಡ್ ಕಾದು ರಿವರ್ಸ್ ಹಾಕಿ. ಆಗಲೂ ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಪೈಪಿನಲ್ಲಿ ಗಾಳಿ ಸೇರಿರಬಹುದು, ಕ್ಲಚ್ಚಿನ ಡಾಟ್ 4 ಆಯಿಲ್ ತೇವ ಕುಡಿದು ಹಳತಾಗಿರಬಹುದು, ಪ್ಲೇಟ್ ಡೊಂಕಾಗಿರಬಹುದು. ಗೇರ್ ಆಯಿಲ್ ವಿಷಯದಲ್ಲಿ ನಮ್ಮೂರುಗಳಲ್ಲಿ ಒಂದು ಕೆಟ್ಟ ರೂಢಿ ಇದೆ. ಯಾವ ಗಾಡಿ ಬಂದರೂ ಡ್ರಮ್ಮಿನಿಂದ 90 ನಂಬರ್ ಆಯಿಲ್ ಸುರಿಯುವುದು. ಇಂದಿನ ಕಾರುಗಳ ಗೇರ್‌ಬಾಕ್ಸ್ ಬಹುಪಾಲು ತೆಳುವಾದ 75ಡಬ್ಲ್ಯೂ ವರ್ಗದ ಆಯಿಲ್ ಕೇಳುತ್ತವೆ. ದಪ್ಪ ಆಯಿಲ್ ಹಾಕಿದರೆ ಡಿಸೆಂಬರ್ ಬೆಳಿಗ್ಗೆ 2ನೇ ಗೇರ್ ಬೀಳುವುದೇ ಇಲ್ಲ. ಡಿಫರೆನ್ಷಿಯಲ್‌ಗೆಂದು ಮಾಡಿದ ಜಿಎಲ್-5 ಆಯಿಲನ್ನು, ಜಿಎಲ್-4 ಕೇಳುವ ಗೇರ್‌ಬಾಕ್ಸಿಗೆ ಹಾಕಿದರೆ ಜಾರುವಿಕೆ ಹೆಚ್ಚಾಗಿ ಸಿಂಕ್ರೊ ರಿಂಗ್ ಹಿಡಿಯುವುದಿಲ್ಲ, ಅದರಲ್ಲಿನ ಗಂಧಕದ ಅಂಶ ಹಿತ್ತಾಳೆ ರಿಂಗನ್ನು ತಿನ್ನಲೂಬಹುದು. ಕಾರಿನ ಕೈಪಿಡಿಯಲ್ಲಿ ಯಾವ ಸಂಕೇತ ಇದೆಯೋ ಅದೇ ಆಯಿಲ್, ಅಷ್ಟೇ ಅಳತೆ. ಇಷ್ಟು ಮಾಡಿದ ಮೇಲೆ ಅರ್ಧ ಜನಕ್ಕೆ ಶಿಫ್ಟರ್ ಬೇಕೇ ಆಗುವುದಿಲ್ಲ.

ಇನ್ನು ಬುಷ್. ಕಂಪನಿಯ ರಬ್ಬರ್ ಬುಷ್ ಮೆತ್ತಗಿರುವುದು ಕಂಪನ ಒಳಗೆ ಬರದಿರಲಿ ಎಂದು. ಬದಲಿಗೆ ಪಾಲಿಯುರೆಥೇನ್, ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್, ಹಿತ್ತಾಳೆ, ಅಲ್ಯೂಮಿನಿಯಂ ಸಿಗುತ್ತವೆ. ದಿನವೂ ಓಡಿಸುವ ಕಾರಿಗೆ ಕೇಬಲ್ ತುದಿಗೆ ಡೆಲ್ರಿನ್ ಅಥವಾ ಗಟ್ಟಿ ಪಾಲಿಯುರೆಥೇನ್, ಬೇಸಿನ ಕೆಳಗೆ ಪಾಲಿಯುರೆಥೇನ್, ಇಷ್ಟು ಸಾಕು. ಬೇಸಿಗೆ ಅಲ್ಯೂಮಿನಿಯಂ ಹಾಕಿದರೆ ಗೇರ್‌ಬಾಕ್ಸಿನ ಕೊರಗು ಸದ್ದು ನೇರ ಕ್ಯಾಬಿನ್ನಿಗೆ ಬರುತ್ತದೆ, ಬೆಂಗಳೂರಿಗೆ 300 ಕಿ.ಮೀ. ಹೋಗುವಷ್ಟರಲ್ಲಿ ತಲೆ ಹಿಡಿಯುತ್ತದೆ. ಅಗ್ಗಕ್ಕೆ ಸಿಗುವ 3ಡಿ ಪ್ರಿಂಟ್ ಬುಷ್‌ಗಳ ವಿಷಯದಲ್ಲಿ ಎಚ್ಚರ ಬೇಕು. ಅವು ಪಿಎಲ್‌ಎ ಪ್ಲಾಸ್ಟಿಕ್ಕಿನದಾದರೆ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತವೆ. ನಮ್ಮ ಏಪ್ರಿಲ್–ಮೇ ಬಿಸಿಲಿಗೆ ಹೊರಗೇ 40 ದಾಟುತ್ತದೆ. ಬಾನೆಟ್ ಕೆಳಗೆ, ಸೈಲೆನ್ಸರ್ ಪೈಪಿನ ಹತ್ತಿರ 60 ಯಾವ ಲೆಕ್ಕ? ಬುಷ್ ಕರಗಿ ಕೇಬಲ್ ಕಳಚಿಕೊಂಡರೆ ಕಾರು ಆಗ ಇದ್ದ ಗೇರಿನಲ್ಲೇ ಉಳಿಯುತ್ತದೆ.

ಬಳ್ಳಾರಿಯ ಕೆಂಪು ದೂಳಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಸಂಡೂರು ದಾರಿಯಲ್ಲಿ ಅದಿರು ಲಾರಿಗಳ ಹಿಂದೆ ಓಡುವ ಕಾರಿನ ತಳವನ್ನು ಒಮ್ಮೆ ನೋಡಿದರೆ ಸಾಕು. ಕಬ್ಬಿಣದ ಅದಿರಿನ ಪುಡಿ ಅಂದರೆ ಸಾಣೆ ಪುಡಿಯೇ. ತೆರೆದ ಕೀಲಿಗೆ ಮೆತ್ತಿದ ಜಿಗುಟು ಗ್ರೀಸು ಆ ಪುಡಿಯನ್ನು ಹಿಡಿದಿಟ್ಟು ಅರೆಯುತ್ತದೆ. ಹಾಗಾಗಿ ಬಿಚ್ಚು ಕೀಲುಗಳ, ಅಂದರೆ ಹೊರಗೇ ಕಾಣುವ ರೋಜ್ ಜಾಯಿಂಟ್‌ಗಳ ಶಿಫ್ಟರ್ ರೇಸ್ ಕಾರಿಗೆ ಸರಿ, ಇಲ್ಲಿನ ದಿನಬಳಕೆಗೆ ಅಲ್ಲ. ತೊಗೊಂಡರೂ ರಬ್ಬರ್ ಮುಸುಕು ಇರುವುದೇ ಬೇಕು. ರಬ್ಬರ್, ಪಾಲಿಯುರೆಥೇನ್ ಬುಷ್‌ಗಳಿಗೆ ಸಿಲಿಕೋನ್ ಗ್ರೀಸ್ ಅನ್ನು ಬೆರಳ ತುದಿಯಷ್ಟು ಒಳಮೈಗೆ ಮಾತ್ರ ಸವರಿ, ಹೊರಗೆ ಬಂದದ್ದನ್ನು ಬಟ್ಟೆಯಿಂದ ಒರೆಸಿಬಿಡಿ. ಸಾಮಾನ್ಯ ಪೆಟ್ರೋಲಿಯಂ ಗ್ರೀಸ್ ಕೆಲವು ರಬ್ಬರುಗಳನ್ನು ಉಬ್ಬಿಸುತ್ತದೆ. ಲಿವರ್ ಕೆಳಗಿನ ರಬ್ಬರ್ ಬೂಟ್ ಅಡ್ಡ ಬರುತ್ತದೆಂದು ಕತ್ತರಿಸಿ ಬಿಸಾಡುವವರಿದ್ದಾರೆ. ಆ ಬೂಟ್ ಹೋದರೆ ದೂಳು, ಬಿಸಿ, ಸೈಲೆನ್ಸರ್ ಹೊಗೆ ಮೂರೂ ಒಳಗೆ ಬರುತ್ತವೆ.

ಇಷ್ಟೆಲ್ಲ ಸರಿ ಇದ್ದು, ಇನ್ನೂ ಓಟ ಕಡಿಮೆ ಬೇಕು ಎನ್ನುವವರು ಶಿಫ್ಟರ್ ಆಯ್ದುಕೊಳ್ಳಲಿ. ಮೊದಲು ನಿಮ್ಮದು ಕೇಬಲ್ ಗಾಡಿಯೋ ರಾಡ್ ಗಾಡಿಯೋ ತಿಳಿಯಿರಿ. ಎಂಜಿನ್ ಅಡ್ಡ ಕೂತ, ಮುಂದಿನ ಚಕ್ರದ ಇಂದಿನ ಕಾರುಗಳೆಲ್ಲ ಹೆಚ್ಚೂಕಡಿಮೆ ಕೇಬಲ್. ಇವುಗಳಲ್ಲಿ ಕಿಟ್ ಎರಡು ಬಗೆ. ಒಂದು ಒಳಗಿನ ಲಿವರನ್ನೇ ಬದಲಿಸುವುದು. ಇನ್ನೊಂದು ಗೇರ್‌ಬಾಕ್ಸ್ ಮೇಲಿನ ತೋಳು. ಕೇಬಲ್ ಕೂರುವ ಪಿನ್ ಶಾಫ್ಟಿಗೆ ಹತ್ತಿರ ಬಂದಷ್ಟೂ ಓಟ ಕಡಿಮೆ. ಫೋಕ್ಸ್‌ವ್ಯಾಗನ್ ಜಾತಿಯ ಕಾರುಗಳಲ್ಲಿ ಈ ತೋಳಿನ ಮೇಲೆ ಕಂಪನಿಯವರೇ ಒಂದು ತೂಕದ ಗಟ್ಟಿ ಇಟ್ಟಿರುತ್ತಾರೆ. ಅದು ಅಲಂಕಾರಕ್ಕಲ್ಲ. ಸ್ಲೀವ್ ಹಲ್ಲಿಗೆ ಹಲ್ಲು ತಾಗಿ ತಡೆಯುವ ಕ್ಷಣದಲ್ಲಿ ಆ ತೂಕದ ನೂಕು ಅದನ್ನು ದಾಟಿಸುತ್ತದೆ. ಅಗ್ಗದ ಕಿಟ್ಟಿನಲ್ಲಿ ತೂಕವಿಲ್ಲದ ತಗಡಿನ ತೋಳು ಬಂದರೆ ಗೇರ್ ಬೀಳುವಾಗ ಮುಳ್ಳು ಮುಳ್ಳಾಗಿ ಕೈಗೆ ಹೊಡೆಯುತ್ತದೆ. ತೂಕ ಉಳಿಸಿಕೊಂಡ ತೋಳನ್ನೇ ಕೊಳ್ಳಿ.

ರಾಡ್ ಅಥವಾ ನೇರ ಲಿವರಿನ ಹಿಂಚಕ್ರದ ಕಾರುಗಳ ಕಥೆ ಬೇರೆ. ಅಮೆರಿಕದ ಫೋರ್ಡ್ ಮಸ್ಟಾಂಗ್ ಕಾರಿನಲ್ಲಿ 2011ರ ಮಾದರಿಯಿಂದ ಬಂದ ಎಂಟಿ-82 ಗೇರ್‌ಬಾಕ್ಸಿಗೆ ಎಂಜಿಡಬ್ಲ್ಯೂ, ಬಾರ್ಟನ್, ಹರ್ಸ್ಟ್‌ನಂಥ ಬಿಡಿಭಾಗ ಕಂಪನಿಯವರು ಶಿಫ್ಟರ್ ಮಾಡುವುದು ಓಟ ಗಿಡ್ಡ ಮಾಡಲಿಕ್ಕೆ ಅಷ್ಟೇ ಅಲ್ಲ. ಕಂಪನಿಯ ಶಿಫ್ಟರ್ ಒಂದು ತುದಿ ಗೇರ್‌ಬಾಕ್ಸಿಗೆ, ಇನ್ನೊಂದು ತುದಿ ಮೆತ್ತನೆ ಬುಷ್ ಮೂಲಕ ಬಾಡಿಗೆ ಕಟ್ಟಿಕೊಂಡಿರುತ್ತದೆ. ಎಂಜಿನ್ ಜೋರಾದಾಗ ಗೇರ್‌ಬಾಕ್ಸ್ ಒಂದು ಕಡೆ, ಶಿಫ್ಟರ್ ಇನ್ನೊಂದು ಕಡೆ ಅಲುಗಿ ಗೇರ್ ತಪ್ಪುತ್ತದೆ. ಅಲ್ಲಿ ಕೊಳ್ಳಬೇಕಾದದ್ದು ಗಟ್ಟಿ ಕೂಡಿಕೆ. ಇದನ್ನು ಉದಾಹರಿಸುವುದು ಏಕೆಂದರೆ ಅಲ್ಲಿನ ಹೊಗಳಿಕೆ ಓದಿ ಇಲ್ಲಿನ ಕೇಬಲ್ ಕಾರಿಗೆ ‘ಯೂನಿವರ್ಸಲ್’ ಹೆಸರಿನ ನಕಲು ಲಿವರ್ ತರಿಸುವವರಿದ್ದಾರೆ. ಯೂನಿವರ್ಸಲ್ ಶಿಫ್ಟರ್ ಎಂಬುದೇ ಇಲ್ಲ. ಪೋಲೊ ಒಂದರಲ್ಲೇ 5 ಸ್ಪೀಡ್, 6 ಸ್ಪೀಡ್ ಎರಡೂ ಇವೆ. ಅಂಥ ಕಾರುಗಳಲ್ಲಿ ಸ್ಟೆಪ್ನಿ ಗುಂಡಿಯ ಸ್ಟಿಕ್ಕರಿನಲ್ಲಿ ಗೇರ್‌ಬಾಕ್ಸ್ ಕೋಡ್ ಅಚ್ಚಾಗಿರುತ್ತದೆ, ಅದನ್ನು ಮಾರುವವರಿಗೆ ಕಳಿಸಿ, ಇದಕ್ಕೇ ಹೊಂದುತ್ತದೆ ಎಂದು ಬರಹದಲ್ಲಿ ಪಡೆಯಿರಿ. ಕ್ಲಚ್ ಪೆಡಲ್ ಇಲ್ಲದ ಡಿಎಸ್‌ಜಿ, ಎಎಂಟಿ ಕಾರಿನವರು ಈ ಖರ್ಚಿಗೆ ಹೋಗಲೇಬೇಡಿ.

ಶೇ 15ರಿಂದ 25ರ ಒಳಗಿನ ಇಳಿಕೆ ನಮ್ಮ ಸಲಹೆ. ಅದಕ್ಕಿಂತ ಮುಖ್ಯ ಅಡ್ಡ ಓಟ. ಮುಂದೆ-ಹಿಂದೆ ಓಟ ಮಾತ್ರ ಇಳಿಸುವ ಕಿಟ್ ಇವೆ, ಎಡ-ಬಲವನ್ನೂ ಇಳಿಸುವವೂ ಇವೆ. ಅಡ್ಡ ಓಟ ತೀರಾ ಇಳಿದರೆ 2 ಮತ್ತು 4 ಪಕ್ಕಪಕ್ಕದ ಮನೆಯಾಗುತ್ತವೆ. ರಾಷ್ಟ್ರೀಯ ಹೆದ್ದಾರಿ 67ರಲ್ಲಿ ಕೊಪ್ಪಳ ಕಡೆ ಹೋಗುತ್ತಾ ಓವರ್‌ಟೇಕ್‌ಗೆಂದು 5ರಿಂದ 4ಕ್ಕೆ ಇಳಿಸುವ ಬದಲು 2ಕ್ಕೆ ಬಿದ್ದರೆ, 4ರಲ್ಲಿ 3,500 ಇರಬೇಕಾದ ಆರ್‌ಪಿಎಂ ಹೆಚ್ಚೂಕಡಿಮೆ ಇಮ್ಮಡಿ ಆಗುತ್ತದೆ. ಎಂಜಿನ್ ವೇಗಕ್ಕೆ ಮಿತಿ ಹಾಕುವ ರೆವ್ ಲಿಮಿಟರ್ ಪೆಟ್ರೋಲ್ ನಿಲ್ಲಿಸಬಹುದು, ಆದರೆ ಎಂಜಿನ್ ತಿರುಗಿಸುತ್ತಿರುವುದು ಚಕ್ರ, ಅದನ್ನು ತಡೆಯಲಾರದು. ವಾಲ್ವ್ ಬಾಗುವುದು, ಕ್ಲಚ್ ಪ್ಲೇಟ್ ಸಿಡಿಯುವುದು ಹೀಗೆಯೇ. ಆದ್ದರಿಂದ ನಡುವಿಗೆ ತಾನೇ ಮರಳುವ ಸ್ಪ್ರಿಂಗ್ ಗಟ್ಟಿಯಾಗಿರಬೇಕು, ರಿವರ್ಸ್ ಲಾಕ್ ಕಂಪನಿಯ ಹಾಗೆಯೇ ಕೆಲಸ ಮಾಡಬೇಕು. ರಿಂಗ್ ಎತ್ತಿ ರಿವರ್ಸ್ ಹಾಕುವ ಕಾರುಗಳಲ್ಲಿ ಅಂದದ ಗುಂಡು ನಾಬ್ ಹಾಕಲು ಹೋಗಿ ಆ ರಿಂಗನ್ನೇ ಬಿಟ್ಟರೆ ಲಾಕ್ ಸರಿಯಾಗಿ ಕೆಲಸ ಮಾಡದೆ ಹೋದೀತು.

ಸ್ಟಾಪ್ ಬೋಲ್ಟ್ ಇರುವ ಶಿಫ್ಟರುಗಳಲ್ಲಿ ಅದನ್ನು ಹೊಂದಿಸುವುದೇ ಅರ್ಧ ಕೆಲಸ. ಲಿವರನ್ನು ಕೊನೆಯವರೆಗೆ ನೂಕುವ ಬಲ ಒಳಗೆ ಸ್ಲೀವನ್ನು ಸರಿಸುವ ಫೋರ್ಕ್ ಮೇಲೆ ಬೀಳದಂತೆ ಇದು ತಡೆಯುತ್ತದೆ. ಗೇರ್ ಪೂರ್ತಿ ಕೂತ ಮೇಲೆ ಬೋಲ್ಟ್ ಲಿವರಿಗೆ ಮುಟ್ಟುವಂತೆ ತಿರುಗಿಸಿ, ತಯಾರಕರ ಹಾಳೆಯಲ್ಲಿ ಹೇಳಿದಷ್ಟು ಹಿಂದಕ್ಕೆ ತೆಗೆದು, ಚೆಕ್ ನಟ್ ಬಿಗಿಯಬೇಕು. ಬೋಲ್ಟ್ ಬೇಗ ತಡೆದರೆ ಗೇರ್ ಅರ್ಧ ಮಾತ್ರ ಕೂರುತ್ತದೆ, ಲೋಡ್ ಬಿದ್ದಾಗ ಹಾರುತ್ತದೆ, ಹಲ್ಲಿನ ಅಂಚು ಮೊಂಡಾಗುತ್ತದೆ. ತೀರಾ ಹಿಂದಿದ್ದರೆ ಫೋರ್ಕಿನ ಪ್ಯಾಡ್ ಸವೆಯುತ್ತದೆ.

ಕೇಬಲ್ ಕಾರಿನಲ್ಲಿ ತೋಳು ಬದಲಿಸಿದ ಮೇಲೆ ಕೇಬಲ್ ಅಡ್ಜಸ್ಟ್ ಕಡ್ಡಾಯ. ಎರಡೂ ಕೇಬಲಿನ ಲಾಕ್ ಬಿಚ್ಚಿ, ಗೇರ್‌ಬಾಕ್ಸ್ ಶಾಫ್ಟನ್ನು ನ್ಯೂಟ್ರಲ್‌ನಲ್ಲಿ ಅದರ ಲಾಕಿಗೆ ಕೂರಿಸಿ, ಒಳಗೆ ಲಿವರನ್ನೂ ನ್ಯೂಟ್ರಲ್ ತೂತಿನಲ್ಲಿ ಪಿನ್ ಇಟ್ಟು ನಿಲ್ಲಿಸಿ, ಆಮೇಲೆ ಕೇಬಲ್ ಲಾಕ್ ಮಾಡಬೇಕು. ಕಣ್ಣಳತೆಯಲ್ಲಿ ಮಾಡಿದರೆ ಒಂದು ಕಡೆಯ ಗೇರುಗಳು ಚೆನ್ನಾಗಿ ಬಿದ್ದು ಇನ್ನೊಂದು ಕಡೆಯವು ಅರ್ಧಕ್ಕೇ ನಿಲ್ಲುತ್ತವೆ. ಬೇಸಿನ ಬೋಲ್ಟ್‌ಗಳನ್ನು ಟಾರ್ಕ್ ರೆಂಚಿನಿಂದಲೇ ಬಿಗಿಯಿರಿ. ಬೇರೆ ಸೂಚನೆ ಇಲ್ಲದಿದ್ದರೆ 8.8 ದರ್ಜೆಯ 6 ಮಿ.ಮೀ. ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್, 8 ಮಿ.ಮೀ. ಬೋಲ್ಟಿಗೆ ಸುಮಾರು 25 ನ್ಯೂಟನ್ ಮೀಟರ್. ದಾರಕ್ಕೆ ನೀಲಿ ಲಾಕ್‌ಟೈಟ್ ಒಂದು ಹನಿ, ಕೆಂಪು ಬೇಡ, ಮುಂದೆ ಬಿಚ್ಚಲು ಬರುವುದಿಲ್ಲ. ವೆಲ್ಡಿಂಗ್ ಅಂಗಡಿಗೆ ಹೋಗಿ ಹಳೆಯ ಲಿವರನ್ನೇ ಕತ್ತರಿಸಿ ಗಿಡ್ಡ ಮಾಡಿಸುವುದಂತೂ ಬೇಡವೇ ಬೇಡ. ಬೆಸುಗೆಯ ಪಕ್ಕದ ಕಬ್ಬಿಣ ಗಡುಸಾಗಿ ಸೀಳು ಬಿಟ್ಟರೆ ಲಿವರ್ ಕೈಗೇ ಬರುತ್ತದೆ. ಒಳಗಿನ ಪ್ಲಾಸ್ಟಿಕ್ ಕಪ್ ಆ ಬಿಸಿಗೇ ಕರಗಿರುತ್ತದೆ.

ಎಲ್ಲ ಜೋಡಿಸಿದ ಮೇಲೆ, ಕನ್ಸೋಲ್ ಮುಚ್ಚುವ ಮುಂಚೆ, ಎಂಜಿನ್ ಆಫ್‌ನಲ್ಲಿ ಎಲ್ಲ ಗೇರ್ ಹತ್ತತ್ತು ಸಲ ಹಾಕಿ ನೋಡಿ. 1, 3, 5ರಲ್ಲಿ ನಾಬ್ ಎಸಿ ಬಟನ್ನಿಗೆ ತಾಗುತ್ತದೆಯೇ, 2, 4ರಲ್ಲಿ ಕೈ ಹ್ಯಾಂಡ್‌ಬ್ರೇಕಿಗೆ ಉಜ್ಜುತ್ತದೆಯೇ ಪರೀಕ್ಷಿಸಿ. ನಾಬ್ ಬದಲಿಸುವವರು ದಾರದ ಅಳತೆ ಕೇಳಿ ಕೊಳ್ಳಿ: ಹೊಂಡಾ ಎಂ10×1.5, ಟೊಯೊಟಾ ಎಂ12×1.25. ಪೋಲೊದಂಥವುಗಳಲ್ಲಿ ದಾರವೇ ಇಲ್ಲ, ಕ್ಲಿಪ್. 400–500 ಗ್ರಾಂ ಸ್ಟೀಲ್ ನಾಬ್ ಗೇರ್ ದಾಟಲು ನೆರವಾಗುವುದು ನಿಜ, ಆದರೆ ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಅದನ್ನು ಮುಟ್ಟಲಾಗದು. ನಮ್ಮ ಜಿಲ್ಲೆಗೆ ಡೆಲ್ರಿನ್ ಅಥವಾ ಚರ್ಮದ ಹೊದಿಕೆಯ ನಾಬ್ ವಾಸಿ.

ಕಾನೂನಿನ ಮಾತು: ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಆರ್‌ಸಿಯಲ್ಲಿರುವ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವುದನ್ನು ತಡೆಯುತ್ತದೆ, 2019ರ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸಜೆ, ಅಥವಾ ಎರಡೂ ಎಂದಿದೆ. ಆರ್‌ಸಿಯಲ್ಲಿ ಗೇರ್ ಲಿವರಿನ ಕಾಲಂ ಇಲ್ಲ, ಆದರೂ ವಿಮೆಯವರಿಗೆ ಮೊದಲೇ ತಿಳಿಸುವುದು ಒಳ್ಳೆಯದು. ವಾರಂಟಿ ಇರುವ ಕಾರಿನ ಕ್ಲಚ್, ಗೇರ್‌ಬಾಕ್ಸ್ ಕ್ಲೇಮಿಗೆ ಹೊರಗಿನ ಶಿಫ್ಟರ್ ಅಡ್ಡ ಬರಬಹುದು.

ಬಿಡಿಭಾಗ ಮಾರುವ ಅಂಗಡಿಯವರಲ್ಲಿ ಒಂದು ಕೋರಿಕೆ. ಶೇಕಡಾ ಸಂಖ್ಯೆಯ ಪಕ್ಕದಲ್ಲೇ ಯಾವ ಗೇರ್‌ಬಾಕ್ಸ್ ಕೋಡಿಗೆ, ಬುಷ್ ಯಾವ ವಸ್ತುವಿನದು, ಕೈಬಲ ಎಷ್ಟು ಹೆಚ್ಚುತ್ತದೆ ಎಂಬುದನ್ನೂ ಬರೆದು ಮಾರಿ. ಐಟಿಐಗಳಲ್ಲಿ ಮೋಟಾರ್ ಮೆಕ್ಯಾನಿಕ್ ಕಲಿಯುವ ಹುಡುಗರಿಗೆ ಕೇಬಲ್ ಅಡ್ಜಸ್ಟ್‌ಮೆಂಟ್ ಮತ್ತು ಟಾರ್ಕ್ ರೆಂಚ್ ಬಳಕೆಯನ್ನು ಕೈಯಾರೆ ಮಾಡಿಸಿ ಕಲಿಸಿದರೆ ಬಳ್ಳಾರಿಯ ಎಷ್ಟೋ ಗೇರ್‌ಬಾಕ್ಸ್ ಉಳಿಯುತ್ತವೆ.

ಹೊಸ ಶಿಫ್ಟರ್ ಹಾಕಿಸಿದವರು 500 ಕಿ.ಮೀ. ಓಡಿದ ಮೇಲೆ ಬೋಲ್ಟುಗಳನ್ನೂ ಕೇಬಲ್ ಕ್ಲಿಪ್ಪುಗಳನ್ನೂ ಇನ್ನೊಮ್ಮೆ ನೋಡಿಸಬೇಕು, ಆಮೇಲೆ ಪ್ರತಿ ಬೇಸಿಗೆ ಮುಗಿದ ಮೇಲೆ ಬುಷ್ ತೆಗೆದು ಕೆಂಪು ಪುಡಿ ತೊಳೆಯಬೇಕು. ಹಳೆಯ ಲಿವರ್, ತೋಳು, ಬುಷ್, ಕ್ಲಿಪ್ಪು ಎಲ್ಲವನ್ನೂ ಒಂದು ಚೀಲದಲ್ಲಿ ಕಟ್ಟಿ ಇಟ್ಟುಕೊಳ್ಳಿ, ಗುಜರಿಗೆ ಹಾಕಬೇಡಿ. ಕಾರು ಮಾರುವ ದಿನ ಕೊಳ್ಳುವವರು ಮೊದಲು ಕೇಳುವುದು ಅದನ್ನೇ.

ಇಂತಿ,
ಗೇರ್‌ಬಾಕ್ಸ್ ಕೆಲಸದವರು, ಬಳ್ಳಾರಿ